ಬಾಳೆನಾರಿನ ಗಂಟು

ನಾನು ಪತ್ತೇದಾರಿ ಕತೆ ಬರೆಯುವವಳು. ಹೀಗೆಂದರೆ ಜನ ಮೊದಲು ನನ್ನ ಸೀರೆ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ. ಬ್ರಹ್ಮಾವರದ ಒಂದು ಮನೆ, ಹಿತ್ತಲಲ್ಲಿ ಮಲ್ಲಿಗೆ ಗಿಡ, ಪೇಟೆಯಲ್ಲಿ ಗಂಡನ ಸಣ್ಣ ಕ್ಯಾಂಟೀನು. ಇಂಥ ಮನೆಯ ಹೆಂಗಸು ಕೂತು ಕೊಲೆ ಬರೆಯುತ್ತಾಳೆ ಎಂದರೆ ನಂಬುವುದು ಕಷ್ಟ. ನಂಬದಿದ್ದರೆ ಬಿಡಲಿ. ಇಪ್ಪತ್ತಾರು ವರ್ಷಗಳಲ್ಲಿ ಬೇಕಾದಷ್ಟು ಜನರನ್ನು ಕೊಂದಿದ್ದೇನೆ, ಕೊಂದವರನ್ನೆಲ್ಲ ಹಿಡಿಸಿದ್ದೇನೆ, ಒಬ್ಬ ನಿರಪರಾಧಿಯನ್ನೂ ಜೈಲಿಗೆ ಕಳಿಸಿಲ್ಲ. ಈ ಕೊನೆಯ ಮಾತು ಇತ್ತೀಚೆಗೆ ಸುಳ್ಳಾಗಿದೆ. ಅದು ಹೇಗೆ ಎಂದು ಬರೆಯಲು ಕೂತಿದ್ದೇನೆ.

ನನ್ನ ಕತೆಗಳ ಮೊದಲ ಓದುಗರು ನನ್ನ ಅತ್ತೆ. ಓದುಗರು ಎನ್ನುವುದಕ್ಕಿಂತ ಕೇಳುಗರು ಎನ್ನಬೇಕು. ಅವರು ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವರು, ಅಕ್ಷರ ಕೂಡಿಸಿ ಓದುವಷ್ಟು ತಾಳ್ಮೆ ಇಲ್ಲ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು ಜಗಲಿಗೆ ತಂದು ಸುರಿದರೆ ಒಂಬತ್ತೂವರೆಯ ತನಕ ಕಟ್ಟುವ ಕೆಲಸ. ಒದ್ದೆ ಬಾಳೆನಾರು ಎಡಗೈಯಲ್ಲಿ, ಮೊಗ್ಗು ಬಲಗೈಯಲ್ಲಿ. ಎಂಟುನೂರು ಹೂವಾದರೆ ಒಂದು ಚೆಂಡು. ಗೇಟಿನ ಹತ್ತಿರ ಬೈಕು ನಿಲ್ಲಿಸಿ ಹೂವಿನವನು, "ಹ್ವಾಯ್, ಹೂಗ್ ಆಯ್ತಾ?" ಎನ್ನುವಷ್ಟರಲ್ಲಿ ಚೆಂಡುಗಳು ಬಾಳೆಲೆಯಲ್ಲಿ ಸುತ್ತಿ ಸಿದ್ಧವಾಗಿರಬೇಕು. ನಾನು ಕಟ್ಟುವುದರಲ್ಲಿ ನಿಧಾನ. ಮದುವೆಯಾಗಿ ಬಂದ ಮೊದಲ ವರ್ಷವೇ ಅತ್ತೆ ನನ್ನ ಕೈಯಿಂದ ನಾರು ಕಿತ್ತುಕೊಂಡು, "ನೀನ್ ಓದ್, ನಾನ್ ಕಟ್ತೆ" ಎಂದರು. ಅಂದಿನಿಂದ ನನ್ನ ಪಾಲಿನ ಹೂವನ್ನು ಅವರು ಕಟ್ಟುತ್ತಾರೆ, ನಾನು ಬರೆದದ್ದನ್ನು ಓದುತ್ತೇನೆ.

ಕೊಲೆಗಾರ ಯಾರೆಂದು ಅವರಿಗೆ ಹೊಳೆದರೆ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಪಕ್ಕದಲ್ಲಿದ್ದ ನಾರಿನ ಎಳೆಯೊಂದನ್ನು ತೆಗೆದು ಅದಕ್ಕೊಂದು ಗಂಟು ಹಾಕಿ ಕಿಟಕಿಯ ಮೊಳೆಗೆ ಸಿಕ್ಕಿಸುತ್ತಿದ್ದರು. ಆಮೇಲೆ ತಿಂಡಿಗೆ ಬಂದ ಮಗನ ಕಿವಿಯಲ್ಲಿ ಹೆಸರು ಹೇಳುತ್ತಿದ್ದರು. ನನ್ನ ಗಂಡನಿಗೆ ಕತೆಯ ತಲೆಬುಡ ಗೊತ್ತಿಲ್ಲ, ಆದ್ದರಿಂದ ಸಾಕ್ಷಿಗೆ ಅವರೇ ಸರಿ. ಹತ್ತು ದಿನ ಬಿಟ್ಟು ಕತೆ ಮುಗಿದಾಗ ಅವರು ಚಟ್ನಿಗೆ ದೋಸೆ ಅದ್ದುತ್ತ, "ಅಮ್ಮ ಅಂದೇ ಹೇಳಿದ್ದ್ ಅವ್ನನ್ನೇ" ಎನ್ನುತ್ತಿದ್ದರು. ನನಗೆ ಹೊಟ್ಟೆ ಉರಿದುಹೋಗುತ್ತಿತ್ತು.

ಹೀಗಾಗಿ ನಮ್ಮ ಜಗಲಿಯಲ್ಲಿ ಎಲ್ಲ ತಿರುವುಮುರುವು. ಕುತೂಹಲ ಕೇಳುವವರಿಗೆ ಇರಬೇಕು, ಇದ್ದದ್ದು ಓದುವವಳಿಗೆ. ಒಂದು ಕಣ್ಣು ಹಾಳೆಯ ಮೇಲೆ, ಇನ್ನೊಂದು ಕಣ್ಣು ಅತ್ತೆಯ ಬೆರಳಿನ ಮೇಲೆ. ಬೆರಳು ನಾರಿನ ಕಡೆ ಹೋಯಿತೆಂದರೆ ಓದುತ್ತಿದ್ದ ಸಾಲು ತಪ್ಪುತ್ತಿತ್ತು. ನನಗೆ ಬೇಕಾದದ್ದು ಒಂದೇ: ಒಂದೇ ಒಂದು ಕತೆ, ಗಂಟು ಬೀಳದೆ ಕೊನೆಯ ಹಾಳೆ ಮುಟ್ಟಬೇಕು. ವಾರಪತ್ರಿಕೆಯ ಓದುಗರು ಎಷ್ಟು ಹೊಗಳಿದರೂ ನನಗೆ ಅದು ಲೆಕ್ಕಕ್ಕಿರಲಿಲ್ಲ.

ಕತೆಯ ಈ ಎಳೆದಾಟ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ನನ್ನ ತವರು ಮರವಂತೆ. ನಮ್ಮ ಮನೆ ಕಡಲಿನ ಬದಿಗೆ. ಮಳೆಗಾಲದಲ್ಲಿ ಕಡಲು ದಡ ತಿನ್ನುತ್ತ ಬರುತ್ತಿತ್ತು. ಮುಂದಿನ ಸಾಲಿನ ತೆಂಗಿನಮರ ಈ ವರ್ಷ ಹೋಗುತ್ತದೆ ಎಂದು ಮನೆಯವರಿಗೆಲ್ಲ ಗೊತ್ತು. ಯಾವ ದಿನ, ಯಾವ ಉಬ್ಬರಕ್ಕೆ ಎಂದು ಮಾತ್ರ ಗೊತ್ತಿಲ್ಲ. ಉಣ್ಣುವಾಗಲೂ ಕಣ್ಣು ಮರದ ಮೇಲೆ. ಒಂದು ವರ್ಷ ನಾವೆಲ್ಲ ಹೀಗೆ ಮರವನ್ನೇ ನೋಡುತ್ತ ಇದ್ದಾಗ ಮರ ನಿಂತೇ ಇತ್ತು, ಹಿಂದಿನ ಬಾವಿಯ ಕಟ್ಟೆ ಕುಸಿದುಬಿತ್ತು. ಅಪ್ಪ ಹೋಗಿ ನೋಡಿದರೆ ಅದರ ಬುಡದಲ್ಲಿ ಬಿರುಕು ಮೊದಲೇ ಇತ್ತು. ದಿನವೂ ನೀರು ಸೇದುವಾಗ ನಾವೇ ಅದನ್ನು ನೋಡಿದ್ದೆವು. ಮರ ಕೊಟ್ಟದ್ದು ಕಾಯುವ ಭಯ, ಬಾವಿ ಕೊಟ್ಟದ್ದು ಬೆಚ್ಚಿಬೀಳುವುದು. ಎರಡೂ ಒಂದೇ ಮಳೆಗಾಲದಲ್ಲಿ, ಒಂದರ ಮರೆಯಲ್ಲಿ ಇನ್ನೊಂದು. ನನ್ನ ಕಸುಬು ಇಷ್ಟೇ. ಓದುಗರಿಗೆ ಮರ ತೋರಿಸುತ್ತ ಇರಬೇಕು, ಬಿರುಕನ್ನೂ ಒಮ್ಮೆ ತೋರಿಸಿರಬೇಕು. ತೋರಿಸದೆ ಬಾವಿ ಬೀಳಿಸಿದರೆ ಅದು ಮೋಸ.

ಬಿರುಕು ತೋರಿಸುವುದಕ್ಕೂ ಉಪಾಯಗಳಿವೆ. ಒಂದು ಕತೆಯಲ್ಲಿ ಆಷಾಢದ ಮಳೆಯಲ್ಲಿ ಒಬ್ಬ ಕುಂದಾಪುರದ ಮನೆಗೆ ಬಂದು, ಈಗಷ್ಟೇ ಬೈಂದೂರಿಂದ ಬಂದೆ ಎನ್ನುತ್ತಾನೆ. ಮನೆಯ ಜಗಲಿಯಲ್ಲಿ ಏನೇನು ಇತ್ತು ಎಂದು ಒಂದು ಸಾಲು ಬರೆದೆ: ಮನೆಯವರ ತೊಟ್ಟಿಕ್ಕುವ ಕೊಡೆ, ಬಂದವನ ಚೀಲ, ಒಣಗಿದ ಚಪ್ಪಲಿ, ಹಾಲಿನ ಪಾತ್ರೆ, ಮಲಗಿದ ಬೆಕ್ಕು. ಚಪ್ಪಲಿಯನ್ನು ನಡುವೆ ಇಟ್ಟು ಕೊನೆಗೆ ಬೆಕ್ಕು ಇಟ್ಟದ್ದು ಬೇಕೆಂದೇ. ಬೆಕ್ಕು ಬಂದರೆ ಜನ ಬೆಕ್ಕನ್ನು ನೋಡುತ್ತಾರೆ. ಅತ್ತೆ ಬೆಕ್ಕನ್ನು ನೋಡಲಿಲ್ಲ. ಮುಂದಿನ ಸಾಲು ಓದುವಷ್ಟರಲ್ಲಿ ಗಂಟು ಬಿತ್ತು. ಕತೆ ಮುಗಿದ ದಿನ ಹೇಳಿದರು, "ಬೈಂದೂರಿಂದ ಆಷಾಢದಗೆ ಬಂದವ್ನ್ ಚಪ್ಪಲಿ ಒಣಗಿದ್ದ್ ಹ್ಯಾಂಗೆ? ಅವ ನಿನ್ನೆಯೇ ಬಂದ್ ಕೂತಿದ್ದ."

ಮತ್ತೊಂದು ಕತೆಯಲ್ಲಿ ಸುಳಿವೇ ಸಿಗದಂತೆ ಬಚ್ಚಿಟ್ಟಿದ್ದೆ. ಆದರೂ ಎರಡನೆಯ ದಿನವೇ ಗಂಟು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಕೆಲ್ಸ ಇಲ್ದವ್ನಿಗೆ ನೀನ್ ಎರಡ್ ಸಲ ಚಾ ಕೊಡುವವಳಲ್ಲ" ಎಂದರು. ಹೋಗಿ ಹಳೆಯ ಕತೆಗಳನ್ನು ತಿರುವಿ ನೋಡಿದೆ. ನಿಜವೇ. ಕೊಲೆಗಾರನನ್ನು ಓದುಗರ ಕಣ್ಣ ಮುಂದೆ ಇಟ್ಟಿರಬೇಕಲ್ಲ ಎಂದು ಅವನನ್ನು ಕೂರಿಸಿ ಮತ್ತೆ ಮತ್ತೆ ಚಾ ಕೊಡುವುದು ನನ್ನ ಅಭ್ಯಾಸವಾಗಿಬಿಟ್ಟಿತ್ತು. ಇಷ್ಟು ವರ್ಷ ಒಬ್ಬ ಸಂಪಾದಕರೂ ಕಾಣದ್ದನ್ನು ಇವರು ಮಲ್ಲಿಗೆ ಕಟ್ಟುತ್ತ ಕಂಡುಹಿಡಿದಿದ್ದರು.

ಒಮ್ಮೆ ನಾನು ಮೋಸ ಮಾಡಿದೆ. ಆ ಕತೆಯಲ್ಲಿ ಕೊಲೆಗಾರ ಟ್ಯೂಶನ್ ಮೇಷ್ಟ್ರು. ಮೂರನೆಯ ಅಧ್ಯಾಯಕ್ಕೇ ಗಂಟು ಬಿತ್ತು. ಗಂಡನನ್ನು ಪೀಡಿಸಿ ಹೆಸರು ತಿಳಿದುಕೊಂಡೆ; ಮೇಷ್ಟ್ರೇ. ಅತ್ತೆ ಮಧ್ಯಾಹ್ನ ಮಲಗಿದ ಹೊತ್ತಲ್ಲಿ ಕೊನೆಯ ಎರಡು ಅಧ್ಯಾಯ ಬದಲಿಸಿ ಬಾಡಿಗೆಯವನನ್ನು ಕೊಲೆಗಾರ ಮಾಡಿದೆ. ಓದಿ ಮುಗಿಸಿದಾಗ ಅತ್ತೆ ಕಟ್ಟುತ್ತಿದ್ದ ಹೂವನ್ನು ಮಡಿಲಲ್ಲಿ ಇಟ್ಟರು. "ಮೇಷ್ಟ್ರ ಕೈಯಗೆ ಗಾಯ ಇತ್ತಲೆ. ಆ ಗಾಯ ಎಲ್ಲಿ ಹೋಯ್ತ್?" ಎಂದು ಕೇಳಿದರು. ನಾನು ಹಾಳೆ ಮಡಚತೊಡಗಿದೆ. "ಸೋತ್ರೆ ಅಡ್ಡಿಲ್ಲ. ಮೋಸ ಮಾಡುಕಾಗ" ಎಂದರು. ಎಂಟು ದಿನ ನನ್ನ ಕತೆ ಕೇಳಲಿಲ್ಲ. ರೇಡಿಯೋ ಹಾಕಿಕೊಂಡು ಹೂ ಕಟ್ಟಿದರು. ಒಂಬತ್ತನೆಯ ದಿನ ಹಳೆಯ ಮುಕ್ತಾಯವನ್ನು ಮತ್ತೆ ಬರೆದು ತಂದು ಓದಿದೆ. ಅಂದಿನಿಂದ ಗಂಟು ಬಿದ್ದ ಮೇಲೆ ಒಂದಕ್ಷರವನ್ನೂ ಬದಲಿಸಿಲ್ಲ.

ಕಳೆದ ವರ್ಷ ಹೊಸ ಕತೆಯೊಂದನ್ನು ಬರೆದೆ. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದ ಒಬ್ಬ ಯಜಮಾನ ಕುಂದಾಪುರದ ತನ್ನ ಮನೆಯಲ್ಲಿ ಸತ್ತು ಬಿದ್ದಿರುತ್ತಾನೆ. ಸಂಶಯಕ್ಕೆ ಏಳು ಜನ: ತಮ್ಮ, ಅಕ್ಕನ ಮಗ, ಮ್ಯಾನೇಜರು, ಅಡುಗೆಯವ, ಡ್ರೈವರು, ಮಹಡಿಯ ಬಾಡಿಗೆಯವ, ಲಾಯರು. ಕೊಂದದ್ದು ಲಾಯರು. ಅವನನ್ನು ಮೊದಲ ಅಧ್ಯಾಯದಲ್ಲೇ ಬರಮಾಡಿ, ಒಂದೇ ಸಲ ಚಾ ಕೊಟ್ಟು, ಆಮೇಲೆ ಮೂಲೆಗೆ ಕೂರಿಸಿದೆ. ತಮ್ಮನಿಗೂ ಅಡುಗೆಯವನಿಗೂ ಧಾರಾಳವಾಗಿ ಚಾ ಕುಡಿಸಿದೆ. ಬರೆದು ಮುಗಿಸಿದಾಗ ಈ ಸಲ ಅತ್ತೆಗೆ ಸಿಗುವುದಿಲ್ಲ ಎಂದು ನನಗೆ ಜಂಬವೇ ಬಂದಿತ್ತು.

ಓದತೊಡಗಿದೆ. ಮೊದಲ ದಿನ ಗಂಟಿಲ್ಲ. ಎರಡನೆಯ ದಿನ ಇಲ್ಲ. ನಾಲ್ಕನೆಯ ದಿನವೂ ಇಲ್ಲ. ಅಧ್ಯಾಯದ ಕೊನೆಯಲ್ಲಿ ಯಾರೋ ಬಾಗಿಲು ತಟ್ಟಿದರೆ ಅತ್ತೆ ಬೆಚ್ಚಿ ಬಾಗಿಲ ಕಡೆ ನೋಡುತ್ತಿದ್ದರು. ಮೊದಲೆಲ್ಲ, "ಗಾಳಿ ಇರ್ಕ್, ಓದ್" ಎಂದು ನಗುತ್ತಿದ್ದವರು ಇವರು. ನನಗೆ ಖುಷಿಯೋ ಖುಷಿ. ಏಳನೆಯ ಅಧ್ಯಾಯದಲ್ಲಿ ಲಾಯರು ಬಾಯಿ ತೆರೆದಾಗ ಅತ್ತೆ ನನ್ನನ್ನು ತಡೆದು, "ಈ ಲಾಯರ್ ಯಾರ್ ಮಾರಾಯ್ತಿ? ಇವ ಯಾವಾಗ ಬಂದದ್ದ್?" ಎಂದು ಕೇಳಿದರು. ಮೊದಲ ದಿನವೇ ಬಂದವನನ್ನು ಇವರು ಮರೆಯುವಷ್ಟು ಚೆನ್ನಾಗಿ ಅಡಗಿಸಿದ್ದೇನೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ಹತ್ತು ದಿನಗಳಲ್ಲಿ ಬೇರೆಯೂ ಕೆಲವು ನಡೆದಿದ್ದವು. ಹೂವಿನವನು ಎರಡು ಸಲ ಚೆಂಡು ಹಿಂದೆ ತಂದು, ಹೂವು ಕಡಿಮೆ ಇದೆ, ಎಣಿಸಿ ನೋಡಿ ಎಂದ. ಅತ್ತೆಯದು ನಲವತ್ತು ವರ್ಷ ಎಣಿಕೆ ತಪ್ಪದ ಕೈ. ನಾನು ಅವನ ಮೇಲೇ ರೇಗಿ ಕಳಿಸಿದೆ. ಒಂದು ದಿನ ಅತ್ತೆ ಸಾರಿಗೆ ಎರಡು ಸಲ ಉಪ್ಪು ಹಾಕಿದರು. ಸ್ನಾನ ಮಾಡಿ ಬಂದ ಅತ್ತೆ, ಬಿಸಿನೀರು ಕಾದಿದೆಯಾ ಎಂದು ಕೇಳಿದರು. ಇವೆಲ್ಲವನ್ನೂ ನಾನು ನೋಡಿದ್ದೆ. ಬೇರೆಯವರ ಕಣ್ಣಿಗೆ ಬೆಕ್ಕು ತೋರಿಸಿ ಚಪ್ಪಲಿ ಮರೆಸುವುದರಲ್ಲಿ ಪಳಗಿದವಳು ನಾನು. ನನ್ನ ಕಣ್ಣ ಮುಂದಿನ ಬೆಕ್ಕು ಆ ಗಂಟು. ಅದು ಬೀಳಲಿಲ್ಲ, ಬೀಳಲಿಲ್ಲ ಎಂದು ನೋಡುತ್ತ ಕೂತಿದ್ದೆ.

ಹತ್ತನೆಯ ದಿನ ಲಾಯರು ಸಿಕ್ಕಿಬಿದ್ದ. ಅತ್ತೆ ಬಾಯಿ ತೆರೆದು ನನ್ನನ್ನೇ ನೋಡಿದರು. "ಲಾಯರಾ? ಅವ್ನಾ?" ಎಂದು ನಕ್ಕು ನನ್ನ ಮಣಿಕಟ್ಟು ಹಿಡಿದುಕೊಂಡರು. ಮೊಳೆಯಲ್ಲಿ ಗಂಟಿರಲಿಲ್ಲ. ಇಪ್ಪತ್ತಾರು ವರ್ಷ ಕಾದದ್ದು ಸಿಕ್ಕಿತ್ತು. ನಾನು ಒಳಗೆ ಹೋಗಿ ಅಕ್ಕಿ ನೆನೆಹಾಕಿ, ಬೆಲ್ಲ, ಕಾಯಿಹಾಲು ಸೇರಿಸಿ ಮಧ್ಯಾಹ್ನಕ್ಕೆ ಹಾಲುಬಾಯಿ ಮಾಡಿದೆ. ಗಂಡ ಕ್ಯಾಂಟೀನಿಂದ ಬಂದು, ಏನು ವಿಶೇಷ ಎಂದರು. ನಿಮ್ಮ ಅಮ್ಮನನ್ನು ಸೋಲಿಸಿದೆ ಎಂದೆ. ಅತ್ತೆಯೂ ಎರಡು ತುಂಡು ತಿಂದರು.

ಮರುದಿನ ಬೆಳಿಗ್ಗೆ ಮೊಗ್ಗು ಸುರಿದು ಕೂತೆವು. ಓದಲು ಏನೂ ಇರಲಿಲ್ಲ, ನಾನೂ ನಾರು ಹಿಡಿದೆ. ಅತ್ತೆ ನನ್ನ ಕೈ ನೋಡಿ, "ನೀನ್ ಓದ್ ಮಾರಾಯ್ತಿ. ನಿನ್ನೆ ಎಲ್ಲಿಗೆ ನಿಲ್ಸಿದ್ದೆ? ಆ ಹೋಟ್ಲಿನವ ಸತ್ತದ್ದ್ ತನ್ಕ ಅಲ್ದಾ?" ಎಂದರು.

ತಮಾಷೆ ಎಂದುಕೊಂಡು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಉಪ್ಪು, ಬಿಸಿನೀರು, ಚೆಂಡು, ಲಾಯರು ಯಾರು ಎಂದು ಕೇಳಿದ್ದು, ಎಲ್ಲ ಒಟ್ಟಿಗೆ ಬಂದು ಎದುರಿಗೆ ನಿಂತವು. ಕತೆಯ ಕೊನೆಯಲ್ಲಿ ಓದುಗರಿಗೆ ಹೀಗೇ ಆಗಬೇಕು ಎಂದು ನಾನು ಇಷ್ಟು ವರ್ಷ ಬಯಸಿದ್ದೆ. ನನಗೆ ನಾಚಿಕೆಯಾಯಿತು. ಸೋತವರಿಗೆ ಹಾಲುಬಾಯಿ ತಿನ್ನಿಸಿದ್ದೆನಲ್ಲ ಎನ್ನುವುದು ಈಗಲೂ ನನಗೆ ಮರೆಯಲಾಗುತ್ತಿಲ್ಲ.

ಕುಂದಾಪುರದ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಅತ್ತೆಯನ್ನು ಕೂರಿಸಿ, ಬಾವಿ, ಲಿಂಬೆಹಣ್ಣು, ಕುರ್ಚಿ, ಈ ಮೂರು ನೆನಪಿಟ್ಟುಕೊಳ್ಳಿ ಅಮ್ಮ ಎಂದರು. ಆಮೇಲೆ ಊರು ಯಾವುದು, ಗಿಡ ಎಷ್ಟಿದೆ, ಮೊಮ್ಮಕ್ಕಳೆಷ್ಟು ಎಂದು ಹರಟೆ ಹೊಡೆದರು. ನನಗೆ ಅವರ ಉಪಾಯ ತಿಳಿಯಿತು. ನಾನು ಮಾಡುವುದೂ ಇದನ್ನೇ. ಸುಳಿವು ಇಟ್ಟು, ಮೇಲೆ ಮಾತು ಹರಡಿ, ಕಾಯುವುದು. ಗೋಡೆಯ ಗಡಿಯಾರ ನೋಡುತ್ತ ಕೂತೆ. ಅಷ್ಟು ಭಯದಿಂದ ನಾನು ಯಾವ ಕತೆಗೂ ಕಾದವಳಲ್ಲ. ಐದು ನಿಮಿಷ ಬಿಟ್ಟು ಡಾಕ್ಟರು, ಆ ಮೂರು ಯಾವುದು ಹೇಳಿ ನೋಡುವ ಎಂದರು. ಅತ್ತೆ ನನ್ನ ಕಡೆ ತಿರುಗಿ, "ಎಂತ ಮೂರ್? ಇವ್ರ್ ಎಂತದೂ ಹೇಳ್ಲೇ ಇಲ್ಲ" ಎಂದರು. ಮೋಸ ಯಾರು ಮಾಡಿದರೂ ಹಿಡಿಯುವ ಅದೇ ದನಿ. ಡಾಕ್ಟರು ಮೋಸ ಮಾಡಿರಲಿಲ್ಲ.

ಬರುವಾಗ ಕುಂಭಾಶಿಯಲ್ಲಿ ಕಾರು ನಿಲ್ಲಿಸಿ ಆನೆಗುಡ್ಡೆಗೆ ಹೋದೆವು. ಅತ್ತೆಯೇ ಹೇಳಿದ್ದು, ದೇವರಿಗೊಂದು ಕೈಮುಗಿದು ಹೋಗುವ ಎಂದು. ಮೆಟ್ಟಿಲು ಹತ್ತಿ ನಿಂತ ಮೇಲೆ, "ನಾವ್ ಇಲ್ಲಿಗೆ ಎಂತಕ್ಕ್ ಬಂದದ್ದ್?" ಎಂದು ಮಗನನ್ನು ಕೇಳಿದರು. ಅವರ ಮಗ ಚಪ್ಪಲಿ ಬಿಟ್ಟ ಕಡೆ ನೋಡುತ್ತ ನಿಂತರು. ನಾನೇ, ಸುಮ್ಮನೆ ಬಂದದ್ದು ಅತ್ತೆ ಎಂದೆ.

ಕತೆ ವಾರಪತ್ರಿಕೆಯಲ್ಲಿ ಬಂತು. ಲಾಯರನ್ನು ಊಹಿಸಿಯೇ ಇರಲಿಲ್ಲ ಎಂದು ಓದುಗರು ಬರೆದರು. ಆ ಪತ್ರಗಳನ್ನು ಓದಿ ಡಬ್ಬಿಗೆ ಹಾಕಿದೆ. ಹೊಸ ಕತೆ ಬರೆಯಲಿಲ್ಲ. ಅತ್ತೆಗೆ ಈಗ ನಿನ್ನೆಯ ಅಧ್ಯಾಯ ಇಂದಿಗೆ ಉಳಿಯುವುದಿಲ್ಲ. ಪತ್ತೇದಾರಿ ಕತೆಗೆ ಕೊಲೆ ಇಲ್ಲದಿದ್ದರೂ ನಡೆದೀತು, ಕೇಳುವವರ ನೆನಪು ಇಲ್ಲದೆ ನಡೆಯುವುದಿಲ್ಲ. ಹಾಗಾಗಿ ಅದೇ ಕತೆಯನ್ನು ಒಂದೇ ಬೆಳಿಗ್ಗೆಗೆ ಮುಗಿಯುವಂತೆ ಹತ್ತು ಹಾಳೆಗೆ ಇಳಿಸಿದೆ. ದಿನವೂ ಅದನ್ನೇ ಓದುತ್ತೇನೆ, ಅವರಿಗೆ ದಿನವೂ ಹೊಸದು. ಅವರು ಕಟ್ಟಿದ್ದನ್ನು ಈಗ ಮಾರುವುದಿಲ್ಲ, ಮನೆಯ ದೇವರ ಪಟಕ್ಕೆ ಹಾಕುತ್ತೇವೆ.

ಹತ್ತು ಹದಿನೈದು ದಿನ ಗಂಟಿನ ಸುದ್ದಿಯೇ ಇರಲಿಲ್ಲ. ಒಂದು ದಿನ, ಮೂರನೆಯ ಹಾಳೆ ಓದುವಾಗ, ಅವರ ಬೆರಳು ನಾರಿನ ಕಡೆ ಹೋಯಿತು. ಎಳೆ ತೆಗೆದರು, ಗಂಟು ಹಾಕಿದರು, ಎದ್ದು ಹೋಗಿ ಮೊಳೆಗೆ ಸಿಕ್ಕಿಸಿ ಬಂದರು. ಮಗನಿಗೆ ಕಾಯುವಷ್ಟು ಹೊತ್ತು ಹೆಸರು ಉಳಿಯಲಾರದು ಎಂದು ಅವರಿಗೂ ಅನ್ನಿಸಿತೋ ಏನೋ, ನನಗೇ ಹೇಳಿದರು: "ಅಡ್ಗಿಯವ." ಅಡುಗೆಯವ ಪಾಪ, ಏನೂ ಮಾಡದವನು. ಅವನಿಗೆ ಮೂರು ಸಲ ಚಾ ಕೊಟ್ಟವಳು ನಾನೇ.

ನಾನು ಓದುತ್ತ ಹೋದೆ. ಹತ್ತನೆಯ ಹಾಳೆಗೆ ಬಂದಾಗ ಅಲ್ಲಿ ಲಾಯರು ಎಂದು ಬರೆದಿತ್ತು. ನಾನು ಅಡುಗೆಯವ ಎಂದು ಓದಿದೆ. ಏಕೆ, ಹೇಗೆ ಕೊಂದ ಎನ್ನುವುದನ್ನೂ ಬಾಯಿಗೆ ಬಂದ ಹಾಗೆ ಕಟ್ಟಿ ಹೇಳಿದೆ. ಹಾಳೆಯಲ್ಲಿ ಅದರ ಒಂದಕ್ಷರ ಇರಲಿಲ್ಲ. ಅತ್ತೆಯ ಮುಖ ಅರಳಿತು. "ನಾನ್ ಆಗ್ಳೇ ಹೇಳ್ಲಿಲ್ಯಾ?" ಎಂದರು. ಹೌದು ಅತ್ತೆ, ಆಗಲೇ ಹೇಳಿದ್ರಿ ಎಂದೆ.

"ಮೋಸ ಮಾಡ್ಲಿಲ್ಲ ಅಲ್ದಾ?" ಎಂದು ಕೇಳಿದರು. ಇದೊಂದು ಮಾತು ಅವರಿಗೆ ಹೇಗೋ ಉಳಿದಿದೆ.

"ಇಲ್ಲ ಅತ್ತೆ" ಎಂದೆ.

ಈಗ ಗಂಟು ಹೆಚ್ಚುಕಡಿಮೆ ದಿನವೂ ಬೀಳುತ್ತದೆ. ಒಂದು ದಿನ ತಮ್ಮ, ಒಂದು ದಿನ ಮ್ಯಾನೇಜರು. ಅಕ್ಕನ ಮಗ ಎರಡು ಸಲ ಸಿಕ್ಕಿಬಿದ್ದಿದ್ದಾನೆ. ಮಹಡಿಯ ಬಾಡಿಗೆಯವನನ್ನೂ ಬಿಡಲಿಲ್ಲ. ಅವರು ಯಾರನ್ನು ಹೇಳುತ್ತಾರೋ ಅವನನ್ನು ಹಿಡಿಸುತ್ತೇನೆ. ಮೊನ್ನೆಯ ತನಕ ಆ ಮನೆಯ ನಿರಪರಾಧಿಗಳಲ್ಲಿ ಡ್ರೈವರೊಬ್ಬ ಬಿಟ್ಟು ಎಲ್ಲರೂ ಜೈಲು ಕಂಡಾಗಿತ್ತು. ಲಾಯರು ಮಾತ್ರ ಆರಾಮಾಗಿ ಮೂಲೆಯಲ್ಲಿ ಕೂತಿದ್ದಾನೆ.

ನನಗೆ ಈಗಲೂ ಬೇಕಾದದ್ದು ಒಂದೇ, ಮೊದಲಿನದಕ್ಕೆ ಸರಿಯಾಗಿ ಉಲ್ಟಾ. ಒಂದು ದಿನ ಅತ್ತೆ ಲಾಯರನ್ನು ಹಿಡಿಯಬೇಕು. ಒಂದೇ ದಿನ, ನಾನು ಸುಳ್ಳು ಓದುವ ಅಗತ್ಯವಿಲ್ಲದೆ. ಅದಕ್ಕೆಂದು ಓದುವಾಗ ಅವನಿಗೆ ಎರಡು ಸಲ ಚಾ ಕೊಡತೊಡಗಿದೆ. ಗಂಟು ಬೀಳಲಿಲ್ಲ. ಮೂರು ಸಲ ಕೊಟ್ಟೆ. ಕಸುಬಿನ ಮರ್ಯಾದೆ ಬಿಟ್ಟು ನಿನ್ನೆ ಐದು ಸಲ ಕೊಟ್ಟೆ.

ಐದನೆಯ ಸಲಕ್ಕೆ ಅತ್ತೆಯ ಕೈ ನಿಂತಿತು. "ಈ ಲಾಯರ್‌ಗೆ ಎಷ್ಟ್ ಸಲ ಚಾ ಕೊಡ್ತೆ ಮಾರಾಯ್ತಿ?" ಎಂದರು. ನಾನು ಹಾಳೆ ಕೆಳಗಿಟ್ಟು ಅವರ ಬೆರಳುಗಳನ್ನೇ ನೋಡಿದೆ. ಬೆರಳು ನಾರಿನ ಎಳೆ ತೆಗೆಯಿತು, ನೀರಿಗೆ ಅದ್ದಿತು, ನಿಂತಿತು.

"ಪಾಪ, ಅವ್ನಿಗ್ ಬಾಯಾರ್ತಾ ಇತ್ತ್ ಕಾಣ್" ಎಂದರು. ಆಮೇಲೆ ನಾರಿಗೆ ಗಂಟು ಹಾಕಿ ಡ್ರೈವರ್ ಎಂದರು.

ನಾನು ಹಾಳೆ ಎತ್ತಿಕೊಂಡು ಡ್ರೈವರನ್ನು ಹಿಡಿಸಿದೆ.